ತಾವೊರ್ಮಿನಾ ಚೌಕದಲ್ಲಿ ನಾಲ್ಕು ಸಂಜೆ: ಕುರ್ಚಿಗೆ ದುಡ್ಡು, ಮೆಟ್ಟಿಲು ಪುಕ್ಕಟೆ

ಕಾಲುನಡಿಗೆ (ಚರ್ಚೆ ಶುರು ಮಾಡಿದವರು) · ಅಕ್ಟೋಬರ್ 12

ಇಟಲಿಯ ಸಿಸಿಲಿ ದ್ವೀಪದಿಂದ ಬಂದು ಹತ್ತು ದಿನವಾಯಿತು. ಹೋಗುವ ಮೊದಲು ಇಲ್ಲಿ ಕೇಳಿದಾಗ "ತಾವೊರ್ಮಿನಾಗೆ ಅರ್ಧ ದಿನ ಸಾಕು, ಗ್ರೀಕ್ ರಂಗಮಂದಿರ ನೋಡಿ ಕೆಳಗಿಳಿದುಬಿಡಿ" ಅಂದವರೇ ಜಾಸ್ತಿ. ನಾವು ನಾಲ್ಕು ರಾತ್ರಿ ಉಳಿದೆವು. ನಾಲ್ಕು ಸಂಜೆಯೂ ಒಂದೇ ಚೌಕದಲ್ಲಿ ಕಳೆದವು.

ಹಾಗಂತ ಮೊದಲೇ ಅಂದುಕೊಂಡು ಹೋಗಿದ್ದಲ್ಲ. ಅಮ್ಮನಿಗೆ 69, ಎರಡೂ ಮಂಡಿ ಮುನಿಸಿಕೊಂಡಿವೆ. ಮೊದಲ ದಿನ ರಂಗಮಂದಿರ ಹತ್ತಿ ಇಳಿದದ್ದೇ ತಡ, "ಇನ್ನು ನನ್ನನ್ನು ಎಲ್ಲಾದರೂ ಕೂರಿಸಿಬಿಡು, ನೀನು ಸುತ್ತಾಡಿಕೊಂಡು ಬಾ" ಅಂದರು. ಕೂರಿಸಲು ಜಾಗ ಹುಡುಕುತ್ತಾ ಹೋಗಿ ಸಿಕ್ಕಿದ್ದು ಪಿಯಾತ್ಸಾ ನೋವೆ ಅಪ್ರೀಲೆ. ಅಂದರೆ ಏಪ್ರಿಲ್ ಒಂಬತ್ತರ ಚೌಕ.

ಹೋಗದವರಿಗೆ ಹೇಳುವುದಾದರೆ: ಊರು ಸಮುದ್ರಕ್ಕಿಂತ ಸುಮಾರು 200 ಮೀಟರ್ ಮೇಲೆ, ಬೆಟ್ಟದ ಹೆಗಲ ಮೇಲಿದೆ. ಪೋರ್ತಾ ಮೆಸ್ಸೀನಾ ಅನ್ನುವ ಹೆಬ್ಬಾಗಿಲಿನಿಂದ ಪೋರ್ತಾ ಕತಾನಿಯಾ ಅನ್ನುವ ಹೆಬ್ಬಾಗಿಲಿನವರೆಗೆ ಒಂದೇ ಬೀದಿ, ಕೋರ್ಸೊ ಉಂಬೆರ್ತೊ. ಸುಮಾರು 800 ಮೀಟರ್, ನಡೆಯುವವರಿಗೆ ಮೀಸಲು. ಎರಡೂ ಕಡೆ ಮನೆ, ಅಂಗಡಿ ಒತ್ತೊತ್ತಾಗಿ ಸಾಗುತ್ತವೆ. ಅರ್ಧ ದಾರಿಯಲ್ಲಿ ಎಡಗಡೆಯ ಮನೆಗಳು ಇದ್ದಕ್ಕಿದ್ದಂತೆ ನಿಂತುಬಿಡುತ್ತವೆ. ಕಪ್ಪು ಬಿಳಿ ಕಲ್ಲಿನ ಚದುರಂಗದ ನೆಲ, ಅದರ ತುದಿಗೆ ಕಬ್ಬಿಣದ ಕಟಕಟೆ, ಆಮೇಲೆ ಬರೀ ಗಾಳಿ. ಕೆಳಗೆ ನಾಕ್ಸೊಸ್ ಕೊಲ್ಲಿ. ಬಲಕ್ಕೆ ಎಟ್ನಾ, ಹೊಗೆಯಾಡುವ ಜ್ವಾಲಾಮುಖಿ.

ಮೊದಲ ಸಂಜೆ ಕಾಫಿ ಅಂಗಡಿಯ ಕುರ್ಚಿಯಲ್ಲಿ ಕೂತೆವು. ಎರಡು ಕಾಫಿ, ಒಂದು ನಿಂಬೆ ಶರಬತ್ತಿಗೆ 21 ಯೂರೋ. ಅಮ್ಮನಿಗೆ ರೂಪಾಯಿ ಲೆಕ್ಕ ಹೇಳಬಾರದಿತ್ತು, ಹೇಳಿಬಿಟ್ಟೆ. ಎರಡನೇ ಸಂಜೆಯಿಂದ ಅವರು ಕುರ್ಚಿಯ ಕಡೆ ತಿರುಗಿಯೂ ನೋಡಲಿಲ್ಲ. ಚೌಕದ ಮೇಲ್ಭಾಗದಲ್ಲಿ ಸಾನ್ ಜುಸೆಪ್ಪೆ ಚರ್ಚಿದೆ, ಅದಕ್ಕೆ ಎರಡು ಕಡೆಯಿಂದ ಹತ್ತುವ ಜೋಡಿ ಮೆಟ್ಟಿಲು. ಕೆಳಗಿನ ಮೆಟ್ಟಿಲ ಮೇಲೆ ಶಾಲು ಮಡಿಸಿ ಹಾಸಿ ಕೂತರೆ ಕುರ್ಚಿಯವರಿಗೆ ಕಾಣುವ ಎಲ್ಲವೂ ಕಾಣುತ್ತದೆ, ಮೇಲಾಗಿ ಕುರ್ಚಿಯಲ್ಲಿ ಕೂತವರೂ ಕಾಣುತ್ತಾರೆ.

ನನ್ನ ವಾದ ಇಷ್ಟೇ. ಆ ಊರಲ್ಲಿ ನೋಡಬೇಕಾದದ್ದು ಬೇರೆ ಏನಿದ್ದರೂ ಬೆಳಿಗ್ಗೆ ಮುಗಿಸಿಕೊಳ್ಳಿ. ಸಂಜೆ ಐದರ ಮೇಲೆ ಆ ಚೌಕ ಬಿಟ್ಟು ಕದಲಬೇಡಿ. ಹೋಗಿಬಂದವರು ಏನಂತೀರಿ?

ಫೇಡಾಪ್ರಿಯ · ಅಕ್ಟೋಬರ್ 12

ಅಲ್ರೀ, ಓದಿ ನಗು ಬಂತು. ನಾಲ್ಕು ಸಂಜಿ ಒಂದ ಕಡೆ ಕುಂತ್ವಿ ಅಂದ್ರ ಅಷ್ಟ ದೂರ ವಿಮಾನ ಹತ್ತಿ ಹೋಗೂದ್ಯಾಕ? ಕುಂಡ್ರಾಕ ನಮ್ಮ ಓಣ್ಯಾಗ ಕಟ್ಟಿ ಐತಿ, ಚಾನೂ ಐತಿ. ನಾವು ಜನೇವರಿಯೊಳಗ ಹೊಂಟೇವಿ, ಹನ್ನೊಂದ ದಿನದಾಗ ರೋಮ್, ನೇಪಲ್ಸ್, ಸಿಸಿಲಿ ಎಲ್ಲಾ ಮುಗಿಸೂದೈತಿ. ತಾವೊರ್ಮಿನಾಕ್ಕ ನಾನು ಇಟ್ಟಿದ್ದು ನಾಲ್ಕು ತಾಸು. ಅದೂ ಜಾಸ್ತಿ ಆತೇನೋ ಅಂತ ಮನಿಯವರು ಅನ್ಲಿಕ್ಕತ್ಯಾರ.

ಪಡುಕಡಲು · ಅಕ್ಟೋಬರ್ 12

ನನಗಂತೂ ಆ ಚೌಕ ಅಂದರೆ ಬಿಲ್ಲೇ ನೆನಪಾಗುವುದು ಮಾರಾಯ್ರೆ. ಎರಡು ವರ್ಷದ ಹಿಂದೆ ಜುಲೈಯಲ್ಲಿ ಹೋಗಿದ್ದೆವು, ನಾಲ್ಕು ಜನ. ಅಂಗಡಿಯ ಹೆಸರು ಬೇಡ. ಚೆಂದ ಬಿಳಿ ಬಟ್ಟೆ ಹಾಸಿದ ಮೇಜು, ಎದುರಿಗೆ ಸಮುದ್ರ, ಬಿಸಿಲಿಗೆ ತಲೆ ಸುತ್ತುತ್ತಿತ್ತು, ಕೂತುಬಿಟ್ಟೆವು. ಬೆಲೆ ನೋಡಲಿಲ್ಲ. ಬಿಲ್ಲು ಬಂದಾಗ ತಿಂದದ್ದಕ್ಕೆ ಒಂದು ಲೆಕ್ಕ, ಅದರ ಕೆಳಗೆ "ಕೊಪೆರ್ತೊ" ಅಂತ ತಲೆಗಿಷ್ಟು, ಅದರ ಕೆಳಗೆ "ಸೆರ್ವಿತ್ಸಿಯೊ" ಅಂತ ನೂರಕ್ಕಿಷ್ಟು. ನನ್ನ ಗಂಡ ಆ ಚೀಟಿಯನ್ನು ಇನ್ನೂ ಪರ್ಸಿನಲ್ಲಿ ಇಟ್ಟುಕೊಂಡಿದ್ದಾರೆ. ಮನೆಗೆ ಬಂದವರಿಗೆಲ್ಲ ತೋರಿಸುವುದು ಉಂಟು.

ಮತ್ತೆ, ಮಧ್ಯಾಹ್ನ ಹೋದರೆ ಅಲ್ಲಿ ವಿಶ್ರಾಂತಿ ಎಲ್ಲಿಂದ ಬಂತು? ಗೈಡುಗಳ ಕೊಡೆ, ಹಡಗಿನಿಂದ ಇಳಿದ ಜನ, ಒಬ್ಬರ ಬೆನ್ನಿಗೆ ಒಬ್ಬರು. ಕಟಕಟೆ ಹತ್ತಿರ ಫೋಟೋಕ್ಕೆ ಸರದಿ ನಿಂತೆವು. ಎಟ್ನಾ ಆ ದಿನ ಮಂಜಿನೊಳಗೆ. ನಾಲ್ಕು ಸಂಜೆಯ ಕಥೆ ಓದಿ ಹೊಟ್ಟೆ ಉರಿಯಿತು, ಅಷ್ಟು ಸತ್ಯ.

ಕತಾನಿಯಾ_ಕನ್ನಡಿಗ · ಅಕ್ಟೋಬರ್ 13

ಕತಾನಿಯಾಗೆ ಕೆಲಸಕ್ಕೆ ಬಂದು ಮೂರನೇ ವರ್ಷ. ತಿಂಗಳಿಗೊಮ್ಮೆಯಾದರೂ ತಾವೊರ್ಮಿನಾಗೆ ಹೋಗುತ್ತೇನೆ, ಹೆಚ್ಚಾಗಿ ಯಾರನ್ನಾದರೂ ಕರೆದುಕೊಂಡು. ಹಾಗಾಗಿ ಇಬ್ಬರ ಮಾತೂ ನಿಜ ಅಂತ ಗೊತ್ತು.

ಬಿಲ್ಲಿನ ವಿಷಯ ಮೊದಲು. ಇಟಲಿಯ ಬಾರ್ ಅಂದರೆ ಮದ್ಯದಂಗಡಿ ಅಲ್ಲ, ಕಾಫಿ ಅಂಗಡಿ. ಅಲ್ಲಿ ಒಂದೇ ಕಾಫಿಗೆ ಎರಡು ಬೆಲೆ. ಕಟ್ಟೆಯ ಮುಂದೆ ನಿಂತು ಕುಡಿದರೆ ಅದು "ಅಲ್ ಬಾಂಕೊ", ಕೂತರೆ "ಅಲ್ ತಾವೊಲೊ". ನಿಂತು ಕುಡಿಯುವ ಕಾಫಿ ಸಿಸಿಲಿಯ ಸಾಧಾರಣ ಅಂಗಡಿಯಲ್ಲಿ ಒಂದೂವರೆ ಯೂರೋದ ಒಳಗೇ ಮುಗಿಯುತ್ತದೆ. ಅದೇ ಕಾಫಿ ಆ ಚೌಕದ ಮೇಜಿಗೆ ಬಂದರೆ ನಾಲ್ಕು ಪಟ್ಟು, ಐದು ಪಟ್ಟು. ಹೆಚ್ಚಿನ ದುಡ್ಡು ಹೋಗುವುದು ಕಾಫಿಗಲ್ಲ, ಕುರ್ಚಿಯ ಬಾಡಿಗೆಗೆ. ಒಂದು ಅನುಕೂಲವೂ ಇದೆ: ಒಮ್ಮೆ ಬಾಡಿಗೆ ಕೊಟ್ಟ ಮೇಲೆ ಯಾರೂ ಎಬ್ಬಿಸುವುದಿಲ್ಲ. ಬಿಲ್ಲು ತಾನಾಗಿ ಬರುವುದಿಲ್ಲ, ನೀವು ಕೇಳಬೇಕು. ಒಂದು ಲೋಟದ ಮೇಲೆ ಎರಡು ತಾಸು ಕೂತವರನ್ನು ನೋಡಿದ್ದೇನೆ, ನಾನೂ ಕೂತಿದ್ದೇನೆ. ಬೆಲೆಪಟ್ಟಿ ಕಾಣುವ ಹಾಗೆ ಇಡಬೇಕು ಅನ್ನುವುದು ಇಲ್ಲಿನ ಕಾನೂನು, ಆದ್ದರಿಂದ ಕೂರುವ ಮೊದಲು ಅದನ್ನು ಹುಡುಕಿ ಓದಿ. ಕೊಪೆರ್ತೊ ಅಂದರೆ ಮೇಜು ಹಾಸಿದ್ದಕ್ಕೆ ತಲೆಗಿಷ್ಟು ಅಂತ. ಅದೂ ಪಟ್ಟಿಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ.

ಇನ್ನು ನಡೆದಾಟ. ಇಲ್ಲಿ ಅದಕ್ಕೆ "ಪಾಸೆಜಾತಾ" ಅನ್ನುತ್ತಾರೆ. ನಮ್ಮ ವಾಕಿಂಗ್ ಅಲ್ಲ. ವಾಕಿಂಗ್ ಮಾಡುವವನು ಸಕ್ಕರೆ ಕಾಯಿಲೆಗೆ ಹೆದರಿ ಕೈ ಬೀಸಿಕೊಂಡು ಹೋಗುತ್ತಾನೆ, ಬೂಟು ಹಾಕಿಕೊಂಡು. ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅತ್ತರು ಪೂಸಿಕೊಂಡು, ಎಲ್ಲಿಗೂ ಹೋಗದೆ ನಡೆಯುತ್ತಾರೆ. ಬೀದಿಯ ಈ ತುದಿಯಿಂದ ಆ ತುದಿ, ತಿರುಗಿ ಮತ್ತೆ ಈ ತುದಿ. ಹುಡುಗರ ಬಾಯಲ್ಲಿ ಅದಕ್ಕೆ "ಫಾರೆ ಲೆ ವಾಸ್ಕೆ". ಈಜುಕೊಳದಲ್ಲಿ ಆ ಕಡೆಗೂ ಈ ಕಡೆಗೂ ಈಜುತ್ತಾರಲ್ಲ, ಅದಕ್ಕೆ ಹೇಳುವ ಮಾತು. ದಕ್ಷಿಣದವರು "ಸ್ತ್ರೂಶೊ" ಅಂತಲೂ ಅನ್ನುತ್ತಾರೆ, ಅಂಗಾಲು ಉಜ್ಜಿಕೊಂಡು ಹೋಗುವುದು ಅನ್ನುವ ಹಾಗೆ. ಆ ಪದ ಕಿವಿಗೆ ಬಿದ್ದಾಗಲೇ ವೇಗ ಎಷ್ಟಿರಬೇಕು ಅಂತ ಗೊತ್ತಾಗುತ್ತದೆ.

ತಾವೊರ್ಮಿನಾದಲ್ಲಿ ಆಗಸ್ಟ್ ತಿಂಗಳಲ್ಲಿ ಇದನ್ನು ಹುಡುಕಬೇಡಿ, ಪ್ರವಾಸಿಗಳ ನಡುವೆ ಊರಿನವರು ಕಾಣುವುದೇ ಇಲ್ಲ. ನವೆಂಬರ್ ಮೇಲೆ, ಭಾನುವಾರ ಸಂಜೆ ಬನ್ನಿ. ತಾತಂದಿರು ಕೈ ಹಿಂದಕ್ಕೆ ಕಟ್ಟಿಕೊಂಡು ಇಬ್ಬಿಬ್ಬರಾಗಿ ಬರುತ್ತಾರೆ. ಮಾತು ಬಿಸಿಯಾದರೆ ನಡಿಗೆ ನಿಲ್ಲುತ್ತದೆ. ವಾದ ಮಾಡಲು ಕೈ ಬೇಕಲ್ಲ, ಕಟ್ಟಿದ್ದನ್ನು ಬಿಚ್ಚುತ್ತಾರೆ. ತೀರ್ಮಾನವಾದ ಮೇಲೆ ಮತ್ತೆ ಕಟ್ಟಿಕೊಂಡು ಮುಂದಕ್ಕೆ.

ಫೇಡಾಪ್ರಿಯ · ಅಕ್ಟೋಬರ್ 13

ಕುರ್ಚಿ ಬಾಡಿಗಿ! ಇದು ಛಲೋ ಆತು. ನಾ ನಿಂತ ಕುಡೀತೀನಿ, ಹೊಂಟ ಬಿಡ್ತೀನಿ.

ಸೊಪ್ಪಿನಸಾರು · ಅಕ್ಟೋಬರ್ 13

ಊಟದ ಬಗ್ಗೆ ಯಾರೂ ಮಾತೇ ಆಡಿಲ್ಲವಲ್ಲ. ನಾವು ಮೀನು, ಮಾಂಸ ತಿನ್ನೋಲ್ಲ, ಅತ್ತೆ ಮೊಟ್ಟೆನೂ ಮುಟ್ಟೋಲ್ಲ. ಸಂಜೆ ಐದರಿಂದ ರಾತ್ರಿವರೆಗೂ ಅಲ್ಲೇ ಕೂತರೆ ಹಸಿವಾಗಲ್ವಾ? ಅಲ್ಲಿ ರಾತ್ರಿ ಊಟ ಎಂಟಕ್ಕೆ ಮುಂಚೆ ಸಿಗೋದೂ ಕಷ್ಟ ಅಂತ ಕೇಳಿದೀನಿ.

ಕತಾನಿಯಾ_ಕನ್ನಡಿಗ · ಅಕ್ಟೋಬರ್ 13

ಕೇಳಿದ್ದು ಸರಿ. ಏಳೂವರೆಗೆ ಹೋದರೆ ಹೋಟೆಲಿನವರು ಮೇಜು ಒರೆಸುತ್ತಿರುತ್ತಾರೆ.

ಸಂಜೆಗೆ ಗ್ರಾನಿತಾ ತಿನ್ನಿ. ಬಾದಾಮಿಯದು ಅಂದರೆ ಬಾದಾಮಿ, ಸಕ್ಕರೆ, ನೀರು ಮೂರೇ. ಹಾಲಿಲ್ಲ, ಮೊಟ್ಟೆಯಿಲ್ಲ. ಬಾದಾಮಿ ಹಾಲನ್ನು ಅರ್ಧ ಹೆಪ್ಪುಗಟ್ಟಿಸಿ ಕೆದಕಿಟ್ಟ ಹಾಗಿರುತ್ತದೆ, ಬಾಯಲ್ಲಿ ಹರಳು ಸಿಕ್ಕಿಯೂ ಸಿಗದ ಹಾಗೆ. ನಿಂಬೆ, ಪಿಸ್ತಾ, ಕಾಫಿ ಕೂಡ ಇರುತ್ತವೆ. ಸಿಕ್ಕರೆ "ಜೆಲ್ಸಿ" ಅಂತ ಕೇಳಿ, ಅದು ಹಿಪ್ಪುನೇರಳೆ ಹಣ್ಣಿನದು. ರಾಮನಗರದ ಕಡೆಯವನು ನಾನು. ಹುಳುವಿಗೆ ಸೊಪ್ಪು ಕೊಯ್ದು ಹಾಕಿ ಬೆಳೆದವನಿಗೆ ಅದರ ಹಣ್ಣನ್ನು ಬಟ್ಟಲಲ್ಲಿ ಹಾಕಿ ಕೊಡುತ್ತಾರೆ ಅಂತ ಗೊತ್ತಾದದ್ದು ಇಲ್ಲಿ ಬಂದ ಮೇಲೆ.

ಅದರ ಜೊತೆ "ಬ್ರಿಯೋಶ್ ಕೊಲ್ ತುಪ್ಪೊ" ಕೊಡುತ್ತಾರೆ. ಹೆಸರು ಕೇಳಿ ನಮ್ಮವರೆಲ್ಲ ತುಪ್ಪ ಹಚ್ಚಿದ ಬನ್ನು ಅಂದುಕೊಳ್ಳುತ್ತಾರೆ. ತುಪ್ಪ ಅಲ್ಲ, ತುರುಬು. ಸಿಸಿಲಿ ಮಾತಲ್ಲಿ ತುಪ್ಪೊ ಅಂದರೆ ಹೆಂಗಸರ ಜಡೆಯ ಗಂಟು. ಬನ್ನಿನ ತಲೆಯ ಮೇಲೆ ಪುಟ್ಟ ಉಂಡೆ ಕೂತಿರುತ್ತದೆ. ಮೊದಲು ಆ ತುರುಬು ಕಿತ್ತು ಗ್ರಾನಿತಾದಲ್ಲಿ ಅದ್ದಿ ತಿನ್ನಬೇಕು, ಆಮೇಲೆ ಉಳಿದದ್ದು. ಆದರೆ ಈ ಬನ್ನಿಗೆ ಮೊಟ್ಟೆ ಹಾಕುತ್ತಾರೆ, ಅತ್ತೆಯವರಿಗೆ ಬರೀ ಗ್ರಾನಿತಾ ಕೊಡಿಸಿ.

ಊಟಕ್ಕೆ ಪಾಸ್ತಾ ಅಲ್ಲಾ ನೋರ್ಮಾ. ಬದನೆಕಾಯಿ, ಟೊಮೆಟೊ, ತುಳಸಿಯ ಜಾತಿಯ ಬಾಸಿಲಿಕೊ, ಮೇಲೆ ಉಪ್ಪು ಹಾಕಿ ಒಣಗಿಸಿದ ರಿಕೊತ್ತಾ ಚೀಸ್. ಇದು ನಮ್ಮ ಕತಾನಿಯಾದ್ದೇ. ಅರಂಚೀನಿ ಅನ್ನುವ ಅನ್ನದ ಉಂಡೆ ಕೊಳ್ಳುವಾಗ ಮಾತ್ರ ಹುಷಾರು. "ರಾಗು" ಅಂದರೆ ಮಾಂಸ. "ಬುರ್ರೊ" ಅಂದರೆ ಬೆಣ್ಣೆ ಅಂತ ನಂಬಿ ತೆಗೆದುಕೊಂಡರೆ ಒಳಗೆ ಹಂದಿಯ ಹ್ಯಾಮ್ ಇರುವುದೇ ಹೆಚ್ಚು. ನನ್ನ ಚಿಕ್ಕಪ್ಪನಿಗೆ ಹಾಗೇ ಆಯಿತು. ಅವರಿಗೆ ಇನ್ನೂ ಹೇಳಿಲ್ಲ.

ಹಳೇಕ್ಯಾಮೆರಾ · ಅಕ್ಟೋಬರ್ 14

ಹೆಸರಿನ ಕಥೆ ಯಾರೂ ಹೇಳದಿದ್ದರೆ ನಾನೇ ಹೇಳುತ್ತೇನೆ, ಏಕೆಂದರೆ ನನಗೆ ಗೊತ್ತಿರುವ ಮಟ್ಟಿಗೆ ಗಾಳಿಸುದ್ದಿಯ ದಿನವನ್ನು ಹೆಸರಾಗಿ ಇಟ್ಟುಕೊಂಡ ಚೌಕ ಇದೊಂದೇ.

1860ರ ಏಪ್ರಿಲ್ 9, ಈಸ್ಟರ್ ಮರುದಿನ ಸೋಮವಾರ. ಸಿಸಿಲಿಯಲ್ಲಿ ಆಗ ಬೂರ್ಬೊನ್ ದೊರೆಗಳ ಆಳ್ವಿಕೆ. ಐದು ದಿನ ಮುಂಚೆ, ಏಪ್ರಿಲ್ 4ರಂದು, ಪಲೆರ್ಮೊದಲ್ಲಿ ದಂಗೆ ಎದ್ದಿತ್ತು. ತಾವೊರ್ಮಿನಾದ ಜನ ಚರ್ಚಿನಲ್ಲಿ ಸೇರಿದ್ದಾಗ "ಗರಿಬಾಲ್ಡಿ ಮಾರ್ಸಾಲಾದಲ್ಲಿ ಇಳಿದನಂತೆ" ಅನ್ನುವ ಸುದ್ದಿ ಬಂತು. ಗರಿಬಾಲ್ಡಿ ಅಂದರೆ ಇಟಲಿಯನ್ನು ಒಂದುಗೂಡಿಸಲು ಹೊರಟ ದಂಡನಾಯಕ. ಊರೇ ಎದ್ದಿತು. ಸುದ್ದಿ ಸುಳ್ಳು! ಅವನು ನಿಜವಾಗಿ ಮಾರ್ಸಾಲಾಗೆ ಬಂದದ್ದು ಮೇ 11ಕ್ಕೆ, ಒಂದು ತಿಂಗಳು ತಡವಾಗಿ, ಅದೂ ದ್ವೀಪದ ಆ ತುದಿಗೆ. ಆದರೂ ಊರಿನವರು ತಾವು ಎದ್ದ ದಿನವನ್ನೇ ಹೆಸರಿಗೆ ಇಟ್ಟರು, ಅವನು ಇಳಿದ ದಿನವನ್ನಲ್ಲ. ನನಗೆ ಅದು ಸರಿ ಅನ್ನಿಸುತ್ತದೆ.

ಕಥೆಯ ಬಾಲ ಇನ್ನೂ ಚೆನ್ನಾಗಿದೆ. ಅದೇ ವರ್ಷ ಆಗಸ್ಟ್‌ನಲ್ಲಿ ಗರಿಬಾಲ್ಡಿ ಸಿಸಿಲಿ ಗೆದ್ದು ಇಟಲಿಯ ನೆಲಕ್ಕೆ ದಾಟಲು ಹಡಗು ಹತ್ತಿದ್ದು ಜಾರ್ದೀನಿಯಿಂದ. ಕಟಕಟೆಗೆ ಒರಗಿ ಕೆಳಗೆ ನೋಡಿದರೆ ಕಾಣುವ ಕೊಲ್ಲಿ ಅದೇ. ಕ್ರಿ.ಪೂ. 734ರಲ್ಲಿ ಸಿಸಿಲಿಗೆ ಬಂದ ಮೊದಲ ಗ್ರೀಕರು ನೆಲೆ ನಿಂತದ್ದೂ ಆ ದಡದಲ್ಲೇ. ಆ ಊರು ಹಾಳಾದ ಮೇಲೆ ಅಳಿದುಳಿದವರು ಬೆಟ್ಟ ಹತ್ತಿ ಕಟ್ಟಿಕೊಂಡದ್ದು ತಾವೊರ್ಮಿನಾ.

ಚೌಕದ ಸುತ್ತಲೂ ಒಂದು ಸುತ್ತು ಹಾಕಿ. ಮೂಲೆಯ ಸಾಂತ್ ಅಗೊಸ್ತೀನೊ 1448ರಲ್ಲಿ ಪ್ಲೇಗಿನ ಹರಕೆಗೆ ಸಂತ ಸೆಬಾಸ್ಟಿಯನ್ನನ ಹೆಸರಲ್ಲಿ ಕಟ್ಟಿದ ಚರ್ಚು. ಈಗ ಅದು ಊರಿನ ಗ್ರಂಥಾಲಯ. ಇನ್ನೊಂದು ಬದಿಯ ಗಡಿಯಾರದ ಗೋಪುರವನ್ನು 1676ರಲ್ಲಿ 14ನೇ ಲೂಯಿಯ ಫ್ರೆಂಚ್ ಸೈನಿಕರು ಕೆಡವಿದರು, 1679ರಲ್ಲಿ ಊರಿನವರು ಮತ್ತೆ ಎಬ್ಬಿಸಿದರು. ಅದರ ಕಮಾನಿನ ಕೆಳಗೆ ಹಾದರೆ ಆ ಕಡೆ ಊರಿನ ಹಳೇ ಭಾಗ. ತಂಪಿಗಾಗಿ ಕಮಾನಿನ ಕೆಳಗೆ ನಿಲ್ಲುವವರು ತಲೆಯೆತ್ತಿ ಗೋಡೆ ನೋಡಿ, ತಾಯಿ ಮಗುವಿನ ಮೊಸಾಯಿಕ್ ಚಿತ್ರವಿದೆ. ಹತ್ತಕ್ಕೆ ಒಂಬತ್ತು ಜನ ಮೊಬೈಲ್ ನೋಡುತ್ತಾ ದಾಟುತ್ತಾರೆ.

ಪಡುಕಡಲು · ಅಕ್ಟೋಬರ್ 14

ಗಾಳಿಸುದ್ದಿ ಚೌಕ! ಅಂದರೆ ನಮ್ಮ ಈ ವೇದಿಕೆಗೂ ಆ ಹೆಸರು ಇಡಬಹುದು.

ಆದರೂ ನನ್ನ ಮತ ಮೇಲಿನ ಊರಿಗೆ. ಕಾಸ್ತೆಲ್ಮೋಲಾ ಅಂತ, ತಾವೊರ್ಮಿನಾದ ನೆತ್ತಿಯ ಮೇಲೆ 500 ಮೀಟರ್‌ಗೂ ಎತ್ತರದಲ್ಲಿ ಉಂಟು. ಬಸ್ಸು ಹೋಗುತ್ತದೆ. ಮರುದಿನ ಸಿಟ್ಟಿನಲ್ಲಿ ಅಲ್ಲಿಗೆ ಹೋಗಿದ್ದೆವು. ಅಲ್ಲಿಯೂ ಒಂದು ಚೌಕ, ಪಿಯಾತ್ಸಾ ಸಾಂತ್ ಅಂತೋನಿಯೊ, ನೆಲ ಅಲ್ಲಿಯೂ ಕಪ್ಪು ಬಿಳಿ. ಪಕ್ಕದಲ್ಲಿ 1907ರಿಂದ ನಡೆಯುತ್ತಿರುವ ಬಾರ್ ಸಾನ್ ಜೊರ್ಜೊ. ಬಾದಾಮಿ ವೈನ್ ಅಂದರೆ ಅಲ್ಲಿಯದೇ. ಚಿಕ್ಕ ಲೋಟದಲ್ಲಿ ಕೊಟ್ಟರು, ಸಿಹಿ, ಗಂಟಲಲ್ಲಿ ಬಾದಾಮಿ ಸಿಪ್ಪೆಯ ಒಗರು. ನನ್ನ ಗಂಡ ಬಿಲ್ಲು ಬರುವ ಮೊದಲೇ ಬೆಲೆ ಕೇಳಿ ಬಂದರು, ಪಾಠ ಕಲಿತಾಗಿತ್ತಲ್ಲ. ಅಲ್ಲಿಂದ ನೋಡಿದರೆ ತಾವೊರ್ಮಿನಾದ ಚೌಕ ಅಂಗೈಯಷ್ಟು. ನಿನ್ನೆ ನಮ್ಮನ್ನು ಸುಲಿದ ಮೇಜುಗಳು ಇಷ್ಟೇ ಇಷ್ಟು ಕಂಡವು. ಅದೊಂದು ಸಮಾಧಾನ.

ಕಾಲುನಡಿಗೆ · ಅಕ್ಟೋಬರ್ 14

ಕಾಸ್ತೆಲ್ಮೋಲಾಗೆ ಅಮ್ಮ ಬರಲಿಲ್ಲ, ಹಾಗಾಗಿ ನಾನೂ ಹೋಗಲಿಲ್ಲ. ಮುಂದಿನ ಸಲಕ್ಕೆ ಇರಲಿ.

ಮಂಡಿನೋವಿನವರನ್ನು ಕರೆದುಕೊಂಡು ಹೋಗುವವರಿಗೆ ಒಂದು ಮಾತು, ಖಾಸಗಿಯಾಗಿ ಇಬ್ಬರು ಕೇಳಿದ್ದರು. ರೈಲು ನಿಲ್ದಾಣ ಕೆಳಗೆ ಸಮುದ್ರದ ಪಕ್ಕದಲ್ಲಿದೆ. ನಿಲ್ದಾಣ ಬಲು ಚೆಂದ, ಆದರೆ ಅಲ್ಲಿಂದ ನಡೆದು ಹತ್ತುವ ಯೋಚನೆ ಬೇಡ, ಬಸ್ಸು ಹಿಡಿಯಿರಿ. ಕತಾನಿಯಾ ವಿಮಾನ ನಿಲ್ದಾಣದಿಂದ ನೇರ ಬಸ್ಸೂ ಇದೆ, ಅದು ಮೇಲಕ್ಕೇ ಬರುತ್ತದೆ. ಮಾತ್ಸಾರೊ ಕಡಲತೀರದಿಂದ ಹಗ್ಗದ ಮೇಲೆ ಓಡುವ ಕೇಬಲ್ ಕಾರು ಬೇರೆ. ಕೋರ್ಸೊ ಬೀದಿ ಸುಮಾರಾಗಿ ಮಟ್ಟಸ. ಬೀದಿಯಿಂದ ಒಂದು ಹೆಜ್ಜೆ ಎಡಕ್ಕೋ ಬಲಕ್ಕೋ ಇಟ್ಟಿರೋ, ಬರೀ ಮೆಟ್ಟಿಲು. ಆದ್ದರಿಂದ ರೂಮು ಹುಡುಕುವಾಗ "ಸಮುದ್ರ ಕಾಣುತ್ತಾ" ಅಂತ ಕೇಳುವ ಬದಲು "ಬೀದಿಯಿಂದ ಎಷ್ಟು ಮೆಟ್ಟಿಲು" ಅಂತ ಕೇಳಿ. ನಾನು ಕೇಳಲಿಲ್ಲ. 43 ಮೆಟ್ಟಿಲು ಇದ್ದವು, ದಿನಾ ಅಮ್ಮನ ಬಾಯಿಂದ ಎಣಿಸಿಕೊಂಡೆ.

ನಿಜವಾದ ಬೆಂಚು ಬೇಕಿದ್ದರೆ ವಿಲ್ಲಾ ಕೊಮುನಾಲೆ ಅನ್ನುವ ಉದ್ಯಾನ ಹತ್ತಿರದಲ್ಲೇ ಇದೆ. ಫ್ಲಾರೆನ್ಸ್ ಟ್ರೆವೆಲ್ಯನ್ ಅನ್ನುವ ಇಂಗ್ಲಿಷ್ ಹೆಂಗಸು ಊರಿನ ಮೇಯರನ್ನು ಮದುವೆಯಾಗಿ ಅಲ್ಲೇ ನೆಲೆಸಿ ಬೆಳೆಸಿದ ತೋಟ ಅದು. ಪ್ರವೇಶ ಪುಕ್ಕಟೆ, ನೆರಳು ಧಾರಾಳ, ಅದೇ ಎಟ್ನಾ. ಬೆಳಿಗ್ಗೆ ಹೊತ್ತು ಅಮ್ಮ ಅಲ್ಲಿ.

ಫೇಡಾಪ್ರಿಯ · ಅಕ್ಟೋಬರ್ 15

ಕಾಲುನಡಿಗೆಯವರ, ಎಲ್ಲಾ ಖರೆ. ಆದ್ರ ನಾಲ್ಕು ಸಂಜಿ ಕುಂತು ಮಾಡಿದ್ದೇನು ಅಂತ ಒಂದ ಸಲ ಹೇಳ್ರಿ. ಗುಡ್ಡ ಅಲ್ಲೇ ಇತ್ತು, ಸಮುದ್ರ ಅಲ್ಲೇ ಇತ್ತು. ಎರಡನೇ ದಿನ ಬ್ಯಾಸರ ಬರಲಿಲ್ಲೇನು?

ಕಾಲುನಡಿಗೆ · ಅಕ್ಟೋಬರ್ 15

ನ್ಯಾಯವಾದ ಪ್ರಶ್ನೆ. ಏನು ಮಾಡಿದೆವು ಅಂತ ಯೋಚಿಸಿದರೆ ಪಟ್ಟಿ ಮಾಡುವಂಥದ್ದು ಏನೂ ಇಲ್ಲ. ಮೂರನೇ ಸಂಜೆಯದ್ದು ಹೇಳುತ್ತೇನೆ.

ಶನಿವಾರ. ನಾವು ಎಂದಿನ ಮೆಟ್ಟಿಲ ಮೇಲೆ ಕೂತಿದ್ದೆವು. ಹಿಂದಿನಿಂದ ಒಬ್ಬಾಕೆ ಬಂದು ಭುಜ ಮುಟ್ಟಿ ಏನೋ ಹೇಳಿದಳು, ಕೈಸನ್ನೆ ನೋಡಿ ಏಳಬೇಕು ಅಂತ ಗೊತ್ತಾಯಿತು. ಒಳಗೆ ಮದುವೆ ನಡೆಯುತ್ತಿತ್ತಂತೆ, ನಮಗೆ ಸುಳಿವೇ ಇಲ್ಲ. ಅಮ್ಮನನ್ನು ಎಬ್ಬಿಸಿ ಬದಿಗೆ ನಿಲ್ಲಿಸಿದೆ. ಮೆಟ್ಟಿಲ ಎರಡೂ ಬದಿಗೆ ಜನ ಸೇರಿದರು. ಗಿಡ್ಡನೆಯ ಅಜ್ಜಿಯೊಬ್ಬಳು ಎಲ್ಲರ ಕೈಗೂ ಕಾಗದದ ಪೊಟ್ಟಣ ಹಂಚುತ್ತಾ ಬಂದಳು. ನಾವು ಯಾರ ಕಡೆಯವರೂ ಅಲ್ಲ ಅಂತ ಹೇಳಲು ಭಾಷೆ ಬರಲಿಲ್ಲ, ಅಮ್ಮನ ಕೈಗೂ ಒಂದು ಬಂತು. ಬಿಚ್ಚಿ ನೋಡಿದರೆ ಅಕ್ಕಿ.

ಅಮ್ಮ ನನ್ನ ಮುಖ ನೋಡಿದರು. "ಅಕ್ಷತೆ ಕಣೋ. ಅರಿಶಿನ ಹಚ್ಚಿಲ್ಲ ಅಷ್ಟೆ."

ಗಂಡು ಹೆಣ್ಣು ಹೊರಬಂದರು, ಗಂಟೆ ಬಾರಿಸಿತು, ಅಕ್ಕಿ ಬಿತ್ತು. ಎಲ್ಲರೂ ಮುಷ್ಟಿ ತುಂಬಿ ಮುಖಕ್ಕೇ ಎಸೆಯುತ್ತಾರೆ, ಗಂಡಿನ ಗೆಳೆಯರಂತೂ ಕಲ್ಲು ಹೊಡೆದ ಹಾಗೆ. ಅಮ್ಮ ಮಾತ್ರ ಮೂರು ಬೆರಳಲ್ಲಿ ಹಿಡಿದು, ಮೂರು ಸಲ, ತಲೆಯ ಮೇಲೆ ಬೀಳುವ ಹಾಗೆ ಹಾಕಿದರು. ಆ ಹುಡುಗಿ ತಿರುಗಿ ನೋಡಿ ನಕ್ಕಳು.

ಮೆರವಣಿಗೆ ಹೋದ ಮೇಲೆ ಕಪ್ಪು ಕಲ್ಲಿನ ಮೇಲೆ ಅಕ್ಕಿ ಎದ್ದು ಕಾಣುತ್ತಿತ್ತು, ಬಿಳಿ ಕಲ್ಲಿನ ಮೇಲೆ ಕಾಣುತ್ತಲೇ ಇರಲಿಲ್ಲ. ನಡೆದವರ ಕಾಲ ಕೆಳಗೆ ಮಾತ್ರ ಎರಡೂ ಕಡೆ ಚರಚರ ಅಂತಿತ್ತು. ಪಾರಿವಾಳ ಬಂದವು. ಕುರ್ಚಿಗಳ ಕಡೆಯಿಂದ ಸಪ್ಲೈಯರ್ ಪೊರಕೆ ಹಿಡಿದು ಬಂದು ತನ್ನ ಅಂಗಡಿಯ ಗಡಿಯವರೆಗೆ ಗುಡಿಸಿ, ಅಲ್ಲಿಗೆ ನಿಲ್ಲಿಸಿ, ವಾಪಸ್ ಹೋದ. ಅಷ್ಟರಲ್ಲಿ ಸೂರ್ಯ ಎಟ್ನಾದ ಬಲಕ್ಕೆ ಇಳಿದು, ನೆತ್ತಿಯ ಹೊಗೆ ಮಾತ್ರ ಕೆಂಪಗಿತ್ತು. ನಾವು ಎದ್ದಾಗ ಎಂಟು ಗಂಟೆ.

ಬೇಸರ ಬರಲಿಲ್ಲ.

ಸೊಪ್ಪಿನಸಾರು · ಅಕ್ಟೋಬರ್ 15

ಅಯ್ಯೋ, ನಿಮ್ಮಮ್ಮನ್ನ ಒಂದು ಸಲ ನೋಡಬೇಕು ಅನಿಸ್ತಿದೆ.

ಹಳೇಕ್ಯಾಮೆರಾ · ಅಕ್ಟೋಬರ್ 16

ಬೆಳಕಿನ ಬಗ್ಗೆ ಎರಡು ಸಾಲು, ತಿಂಗಳು ಆರಿಸಿಕೊಳ್ಳುವವರಿಗೆ. ಚೌಕದ ಮುಖ ಸಮುದ್ರಕ್ಕೆ, ಬೆನ್ನು ಬೆಟ್ಟಕ್ಕೆ. ಬೇಸಿಗೆಯಲ್ಲಿ ಸೂರ್ಯ ಬೆನ್ನ ಹಿಂದಿನ ಬೆಟ್ಟಕ್ಕೆ ಇಳಿಯುತ್ತಾನೆ, ಆದ್ದರಿಂದ ಸಂಜೆ ನೆರಳು ಬೇಗ ಬರುತ್ತದೆ. ಕೂರುವವರಿಗೆ ಸುಖ, ಫೋಟೋದವರಿಗೆ ನಷ್ಟ. ದಿನ ಸಣ್ಣದಾಗುತ್ತಾ ಹೋದಂತೆ ಅವನು ಎಡಕ್ಕೆ ಸರಿದು ಸರಿದು, ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಎಟ್ನಾದ ಮೈಮೇಲೆಯೇ ಮುಳುಗುತ್ತಾನೆ. ಹಿಮ ಬಿದ್ದಿದ್ದರೆ ಇನ್ನೇನು ಬೇಕು. ಒಟ್ಟೊ ಗೆಲೆಂಗ್ ಅನ್ನುವ ಜರ್ಮನ್ ಚಿತ್ರಕಾರ 1860ರ ದಶಕದಲ್ಲಿ ಇಲ್ಲಿ ಬಿಡಿಸಿದ್ದನ್ನು ಊರಿಗೆ ಒಯ್ದು ತೋರಿಸಿದಾಗ, ಕೆಳಗೆ ಬಾದಾಮಿ ಹೂವು, ಮೇಲೆ ಹಿಮ, ಅದರ ಮೇಲೆ ಹೊಗೆ, ಇದೆಲ್ಲ ನಿನ್ನ ಕಲ್ಪನೆ ಅಂದರಂತೆ. ನಂಬದಿದ್ದರೆ ಬಂದು ನೋಡಿ ಅಂದನಂತೆ. ಜನ ಬರುವುದು ಅಲ್ಲಿಂದ ಶುರುವಾಯಿತು ಅಂತ ಊರಿನವರು ಹೇಳುತ್ತಾರೆ.

ಫೇಡಾಪ್ರಿಯರೇ, ನಿಮ್ಮ ಜನವರಿ ಅದಕ್ಕೆ ಸರಿಯಾದ ಕಾಲ. ನಾಲ್ಕು ತಾಸನ್ನು ಮಧ್ಯಾಹ್ನ ಒಂದಕ್ಕೆ ಇಟ್ಟುಕೊಳ್ಳಿ, ಹನ್ನೊಂದಕ್ಕೆ ಬೇಡ.

ಫೇಡಾಪ್ರಿಯ · ಜನವರಿ 9

ಹಳೇ ಚರ್ಚಾ ಎಬ್ಬಿಸಾಕತ್ತೀನಿ, ಕ್ಷಮಿಸ್ರಿ. ಈಗ ರಾತ್ರಿ ಹತ್ತು, ತಾವೊರ್ಮಿನಾದಿಂದ ಬರ್ಯಾಕತ್ತೀನಿ. ಹೌದು, ಇಲ್ಲೇ ಉಳಕೊಂಡೇವಿ. ನಾಲ್ಕು ತಾಸಿಂದು ಎರಡ ದಿನ ಆತು. ಯಾಕಂತ ಕೇಳ್ರಿ.

ಮಧ್ಯಾಹ್ನ ಒಂದಕ್ಕ ಚೌಕಕ್ಕ ಬಂದ್ವಿ. ಅಂಗಡಿ ಅರ್ಧ ಮುಚ್ಚಿದ್ದೂ, ಗದ್ದಲ ಇಲ್ಲ, ಥಂಡಿ ಗಾಳಿ. ನಾ ಲೆಕ್ಕಾ ಹಾಕಿದ ಪ್ರಕಾರ ಕಟ್ಟಿ ಮುಂದ ನಿಂತ ಕಾಫಿ ಕುಡೀಬೇಕು, ಎಟ್ನಾ ನೋಡಬೇಕು, ಹೋಗಬೇಕು. ಒಳಗ ಹೋಗಿ ಬೆಲಿ ಪಟ್ಟಿ ಓದಿ ಹೊರಗ ಬರೂದ್ರಾಗ ಮನಿಯವರು ಹೊರಗಿನ ಕುರ್ಚಿ ಮ್ಯಾಲ ಕುಂತ ಬಿಟ್ಟಿದ್ರು. ಕಾಲಾಗಿನ ಚಪ್ಪಲಿನೂ ಬಿಟ್ಟಿದ್ರು. ಸಪ್ಲೈಯರ್ ಬಂದು ನಿಂತಿದ್ದ. ಅವನ ಮುಂದ ಏನ ಹೇಳ್ಲಿ?

ಎರಡು ತಾಸು ಕುಂತ್ವಿ. ಕತಾನಿಯಾದವರು ಹೇಳಿದ್ದು ಖರೆ, ಯಾರೂ ಎಬ್ಬಸಲಿಲ್ಲ. ಕೈ ಹಿಂದಕ ಕಟಗೊಂಡ ಮುದುಕರು ಇಬ್ಬರು ನಮ್ಮ ಮುಂದ ಏಳು ಸಲ ಹಾದ್ರು. ನಾ ಎಣಿಸೀನಿ. ಐದನೇ ಸಲ ನಿಂತು ಜಗಳ ಮಾಡಿದ್ರು, ಆರನೇ ಸಲ ಬಂದಾಗ ನಗಾಕತ್ತಿದ್ರು. ಏಳನೇ ಸಲ ಒಬ್ಬಾತ ನನಗ ತಲಿ ಬಾಗಿಸಿ "ಬೊನಾಸೇರಾ" ಅಂದ. ನಾನೂ ಅಂದೆ.

ಎಟ್ನಾ ಕಾಣಲಿಲ್ಲ. ಮೋಡ ಅಂದ್ರ ಮೋಡ, ಅಲ್ಲಿ ಗುಡ್ಡ ಐತಿ ಅಂತ ನೀವೆಲ್ಲಾ ಹೇಳಿದ್ದಕ್ಕ ನಂಬೇನಿ. ಅದಕ್ಕ ನಾಳೆ ಮತ್ತ ಹೋಗ್ತೀವಿ. ಮೆಟ್ಟಲ ಮ್ಯಾಲ ಕುಂಡ್ರೂಣು ಅಂತ ನಾ ಹೇಳೀನಿ, ಮನಿಯವರು ಥಂಡಿ ಆಗ್ತದ, ಕುರ್ಚೀನ ಬೇಕು ಅಂತಾರ.

ಬಿಲ್ಲಿನ ಫೋಟೋ ಹಾಕಂಗಿಲ್ಲ. ಕೇಳಬ್ಯಾಡ್ರಿ.